ಗೆದ್ದ ದಿನದ ತಟ್ಟೆ

ಕ್ಯಾರೋ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಆ ಶನಿವಾರ ಇಪ್ಪತ್ತು–ಹದಿನೇಳರಲ್ಲಿ ಗೆದ್ದಿತು. ಆದರೂ ಕ್ರೀಡಾಂಗಣದಿಂದ ಡೇರೆಗಳ ಕಡೆ ಇಳಿದು ಬರುತ್ತಿದ್ದ ಜನರ ಮುಖ ನೋಡಿದವರು ಇವರು ಯಾರನ್ನೋ ಮಣ್ಣು ಮಾಡಿ ಬರುತ್ತಿದ್ದಾರೆ ಎಂದುಕೊಳ್ಳಬೇಕು, ಹಾಗಿತ್ತು. ಎದುರಾಳಿಯೆಂದರೆ ಇವರು ಮೂವತ್ತು ಅಂಕಗಳಿಂದ ಮಣ್ಣು ಮುಕ್ಕಿಸಬೇಕಾಗಿದ್ದ ಪುಟ್ಟ ಕಾಲೇಜು. ಅಂಥವರನ್ನು ಕೊನೆಯ ನಿಮಿಷದ ಒಂದು ಒದೆತದಿಂದ ಹೇಗೋ ದಾಟಿದ್ದಾಗಿತ್ತು.

ಕಾರು ನಿಲ್ಲಿಸುವ ಬಯಲಿನ ಮೂರನೆಯ ಸಾಲಿನಲ್ಲಿ ಮರ್ಲೀನ್ ಟ್ಯಾಕೆಟ್‌ಳ ಮನೆಯವರು ಆಟದ ದಿನ ಊಟಕ್ಕೆಂದು ಹಾಕುವ ಡೇರೆ. ಹತ್ತೊಂಬತ್ತು ವರ್ಷದಿಂದ ಅದೇ ಜಾಗ. ರಸ್ತೆಯಲ್ಲಿ ಕಾರುಗಳ ಸಾಲು ಕರಗುವವರೆಗೆ ಅಲ್ಲೇ ಕೂತು, ಉಳಿದ ಹಂದಿಮಾಂಸ ಮುಗಿಸಿ, ಆಟವನ್ನು ಮೊದಲಿಂದ ಮತ್ತೊಮ್ಮೆ ಬಾಯಲ್ಲೇ ಆಡಿ ಮುಗಿಸುವುದು ರೂಢಿ.

"ಇದನ್ನ ಗೆಲುವು ಅಂತಾರಾ?" ಮರ್ಲೀನಳ ತಮ್ಮ ಬಫರ್ಡ್ ಕುರ್ಚಿಗೆ ಧೊಪ್ಪನೆ ಬಿದ್ದ. "ದೇವ್ರಿಗೆ ಬೇರೆ ಕೆಲ್ಸ ಇರ್ಲಿಲ್ಲ, ಅದಕ್ಕೆ ಗೆದ್ವಿ."

"ನೀನು ಆಟ ನೋಡಿದ್ಯೇನೋ?" ಪಕ್ಕದ ಡೇರೆಯ ಡ್ಯೂಯಿ ಕರೆಯದೆಯೇ ಒಳಬಂದು ಬೇಯಿಸಿದ ಕಡಲೆಕಾಯಿಗೆ ಕೈಹಾಕಿದ. "ಅರ್ಧ ಹೊತ್ತು ಬಾತ್‌ರೂಮ್ ಸಾಲಲ್ಲೇ ಇದ್ದೆ ನೀನು."

"ಅಲ್ಲಿದ್ದಾಗ್ಲೇ ನಮ್ಮೋರು ಚೆನ್ನಾಗಿ ಆಡಿದ್ದು. ವಾಪಸ್ ಬಂದೆ ನೋಡು, ಇಪ್ಪತ್ತೆರಡನೇ ನಂಬರಿನೋನು ಓಡ್ತಾ ಓಡ್ತಾ ಚೆಂಡು ಕೈಬಿಟ್ಟ. ಗೆರೆಗೆ ಎರಡೇ ಗಜ! ನಮ್ಮಜ್ಜಿ ನಡ್ಕೊಂಡು ದಾಟ್ತಿದ್ಲು."

"ನಿಮ್ಮಜ್ಜಿ ಸತ್ತು ಇಪ್ಪತ್ತು ವರ್ಷ ಆಯ್ತು."

"ಆದ್ರೂ ದಾಟ್ತಿದ್ಲು."

ಎಲ್ಲರೂ ನಕ್ಕರು. ಮರ್ಲೀನ್ ಮಾತ್ರ ನಗಲಿಲ್ಲ. ಡೇರೆಯ ಅಂಚಿನಲ್ಲಿ, ಒಳಗೆ ಬರಲೋ ಬೇಡವೋ ಎಂಬಂತೆ, ಬಿಳಿ ರಬ್ಬರ್ ಬೂಟು ಹಾಕಿದ ಬಡಕಲು ಮನುಷ್ಯನೊಬ್ಬ ನಿಂತಿದ್ದ. ಅವನನ್ನು ಕರೆದವಳು ಅವಳೇ.

ಬೆಳಗ್ಗೆ ಐಸ್ ಪೆಟ್ಟಿಗೆಯನ್ನು ಕೆಸರಿನಲ್ಲಿ ಒಬ್ಬಳೇ ಎಳೆದಾಡುತ್ತಿದ್ದಾಗ ಈತ ಕೇಳದೆಯೇ ಬಂದು ಇನ್ನೊಂದು ಬದಿಯ ಹಿಡಿಕೆ ಹಿಡಿದಿದ್ದ. ಡೇರೆಯವರೆಗೆ ತಂದುಕೊಟ್ಟು ಹೆಸರು ಕ್ಲೋವಿಸ್ ಲಡ್ನರ್ ಎಂದಿದ್ದ. ಕರಾವಳಿಯವನು, ಸೀಗಡಿ ದೋಣಿಯಲ್ಲಿ ಕೆಲಸ, ನಾಲ್ಕು ತಾಸಿನ ದಾರಿ. ಶನಿವಾರ ಬಿಡುವು ಸಿಗುವುದೇ ಇಲ್ಲ. ಮಗ ಇಲ್ಲಿ ಆಡುವುದನ್ನು ನೋಡುತ್ತಿರುವುದು ಇದೇ ಮೊದಲು. "ಕೋಲ್ಬಿ ಅಂತ. ಇಪ್ಪತ್ತೆರಡನೇ ನಂಬರ್" ಎನ್ನುವಾಗ ಆ ನಂಬರನ್ನು ಮೆತ್ತಗೆ, ಅದು ಒಡೆದುಹೋಗುವ ಸಾಮಾನೋ ಎಂಬಂತೆ ಹೇಳಿದ್ದ. "ಆಟ ಮುಗಿದ ಮೇಲೆ ಊಟಕ್ಕೆ ಬನ್ನಿ, ನಿಮ್ಮ ಹುಡುಗ ಸ್ನಾನ ಮಾಡಿ ಹೊರಗೆ ಬರೋಕೆ ಒಂದು ತಾಸು ಬೇಕು" ಎಂದಿದ್ದಳು ಮರ್ಲೀನ್. ಆಗ ಡೇರೆಗೆ ಉಳಿದವರು ಇನ್ನೂ ಬಂದಿರಲಿಲ್ಲ.

ಈಗ ಬಫರ್ಡ್‌ನ ಹೆಂಡತಿ ಓಪಲ್ ಅವನನ್ನು ಕಂಡಳು. ಯಾರು, ಎತ್ತ ಎಂದು ಕೇಳುವ ಅಭ್ಯಾಸ ಓಪಲ್‌ಗಿಲ್ಲ. ತಟ್ಟೆ ತುಂಬಿಸಿ, ಮಸಾಲೆ ತುಂಬಿದ ಮೊಟ್ಟೆಗಳನ್ನು ನಾಲ್ಕಿಟ್ಟು, ಬಿಸಿಲು ಬೀಳದ ಕಡೆಯ ಕುರ್ಚಿಯನ್ನು ಎಳೆದುಕೊಟ್ಟಳು. ಅವನು ಟೋಪಿ ತೆಗೆದು ಕೂತ.

ಮರ್ಲೀನ್ ಆಗಲೇ ಹೇಳಬೇಕಿತ್ತು. ಇವರು ಇಂಥವರು ಎನ್ನುವ ಒಂದೇ ವಾಕ್ಯ. ಡೇರೆ ಒಂದು ಕ್ಷಣ ಗಪ್ಪಾಗುತ್ತಿತ್ತು, ಬಫರ್ಡ್ ಕೆಮ್ಮಿ "ನಿಮ್ಮ ಹುಡುಗನ ಕಾಲು ಬಲು ಚುರುಕು" ಎನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬಾಯಿ ತೆರೆದಳು ಕೂಡ.

"ಕೋಚ್‌ಗೆ ಬುದ್ಧಿ ಇಲ್ಲ," ಡ್ಯೂಯಿ ನಡುವೆ ನುಗ್ಗಿದ. "ಒಂದ್ಸಲ ಬೀಳಿಸ್ದೋನ ಕೈಗೇ ಮತ್ತೆ ಕೊಡ್ತಾರಾ? ಕೊಟ್ಟ, ಮತ್ತೆ ಬೀಳಿಸ್ದ. ಎರಡ್ಸಲ!"

"ಎರಡನೇ ಸಲ ಮೈಮೇಲೆ ಬಿದ್ದ ಪೆಟ್ಟು ಜೋರಾಗಿತ್ತು," ಎಂದಳು ಓಪಲ್.

"ಜೋರು ಪೆಟ್ಟು ಬೀಳ್ಬಾರ್ದು ಅಂದ್ರೆ ಚೆಸ್ ಆಡ್ಲಿ. ನೀವು ಹೇಳಿ ಸಾರ್," ಬಫರ್ಡ್ ಹೊಸಬನ ಕಡೆ ತಿರುಗಿದ, "ಇಪ್ಪತ್ತೆರಡಕ್ಕೆ ಏನ್ ಮಾಡ್ಬೇಕು?"

ಕ್ಲೋವಿಸ್ ಬಾಯಲ್ಲಿದ್ದುದನ್ನು ನುಂಗಿದ. "ಹುಡುಗ್ರು. ಕಷ್ಟಪಟ್ಟು ಆಡಿದ್ರು," ಎಂದ. ಹೇಳಿ ಮರ್ಲೀನಳತ್ತ ನೋಡಿದ. ಬೇಡಿಕೊಳ್ಳುವ ನೋಟವಲ್ಲ ಅದು. ಪರಿಚಯ ಮಾಡಿಕೊಡಬೇಕಾದವರು ನೀವು ತಾನೇ ಎಂದು ಕಾಯುವ ನೋಟ.

ಅಷ್ಟರಲ್ಲಿ ಡ್ಯೂಯಿ ಒಂದು ಖಾಲಿ ಕಾಗದದ ತಟ್ಟೆಯನ್ನೂ ಕಪ್ಪು ಪೆನ್ನನ್ನೂ ಅವಳ ಮಡಿಲಿಗೆ ಹಾಕಿದ. "ಬರೀರಿ ಮಿಸ್ ಮರ್ಲೀನ್. ಜನ ಕಾಯ್ತಿದ್ದಾರೆ." ಮದುವೆಯಾದ ಹಿರಿಯರನ್ನೂ ಆ ಸೀಮೆಯಲ್ಲಿ ಮರ್ಯಾದೆಗೆ 'ಮಿಸ್' ಎನ್ನುವುದು ವಾಡಿಕೆ.

ತಟ್ಟೆ ಆ ಡೇರೆಯ ಪದ್ಧತಿ. ಗೆದ್ದ ದಿನ ಮಾತ್ರ; ಸೋತ ದಿನ ಅಳುವುದೇ ಸಾಕಷ್ಟಿರುತ್ತದೆ. ಗೆಲುವನ್ನು ಇನ್ನೇನು ಕೈತಪ್ಪಿಸಲಿದ್ದ ಆಟಗಾರನ ನಂಬರ್ ಬರೆದು, ಕೆಳಗೆ ಎರಡು ಸಾಲು ಹೊಸೆದು, ರಸ್ತೆಗೆ ಮುಖಮಾಡಿ ಡೇರೆಯ ಕಂಬಕ್ಕೆ ಚುಚ್ಚಬೇಕು. ಸಾಲು ಹೊಸೆಯುವವಳು ಮರ್ಲೀನ್. ಊರಿನ ಹೈಸ್ಕೂಲಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗೈರುಹಾಜರಿ ಚೀಟಿ ಬರೆದ ಕೈ ಅದು. ಅವಳ ಸಾಲು ಓದಲೆಂದೇ ಜನ ದಾರಿ ಬದಲಿಸಿ ಈ ಕಡೆ ಬರುತ್ತಿದ್ದರು. ಸೋಮವಾರ ಅಂಚೆ ಕಚೇರಿಯಲ್ಲಿ ಅವಳಿಗೇ ಹೇಳಿ ತೋರಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳ ಮಾತಿಗೆ ನಾಲ್ಕು ಜನ ಕಿವಿಗೊಟ್ಟು ಕಾಯುವುದೆಂದರೆ ವರ್ಷಕ್ಕೆ ಇಂಥ ಐದಾರು ಶನಿವಾರಗಳಷ್ಟೇ.

ಈಗ ಹೇಳಿದರೆ ಆ ಮನುಷ್ಯನಿಗೇ ಮುಜುಗರ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡ ನಿಜ ಒಂದಿತ್ತು: ಕ್ರೀಡಾಂಗಣದ ಮೆಟ್ಟಿಲಿಳಿಯುವಾಗಲೇ ಆ ಎರಡು ಸಾಲು ಅವಳ ತಲೆಯಲ್ಲಿ ಕೂಡಿಬಂದಿದ್ದವು, ಚೆನ್ನಾಗಿಯೇ ಬಂದಿದ್ದವು. ಅವನ್ನು ನುಂಗಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಬರೆದಳು. ಡ್ಯೂಯಿ ಕಿತ್ತುಕೊಂಡು ರಸ್ತೆಗೇ ಕೇಳುವ ಹಾಗೆ ಓದಿದ:

"ಇಪ್ಪತ್ತೆರಡರ ಕೈಗೆ ಕೂಸು ಕೊಡಬೇಡಿ,
ಕೊಟ್ಟರೆ ಕೆಳಗೆ ಹಾಸಿಗೆ ಹಾಸದೆ ಬಿಡಬೇಡಿ!"

ಓದಿ ಕಂಬಕ್ಕೆ ಚುಚ್ಚಿದ. ಬಫರ್ಡ್ ತೊಡೆ ತಟ್ಟಿಕೊಂಡ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನಕ್ಕರು. ಮೂವರು ಫೋನು ಎತ್ತಿ ಚಿತ್ರ ತೆಗೆದುಕೊಂಡರು. ಮರ್ಲೀನ್ ನೋಡಬಾರದೆಂದುಕೊಂಡೂ ನೋಡಿದಳು. ಕ್ಲೋವಿಸ್ ಕೂಡ ನಗುತ್ತಿದ್ದ. ತನ್ನ ಊಟದ ತಟ್ಟೆಯತ್ತ ತಲೆ ಬಗ್ಗಿಸಿ, ಎಲ್ಲರೂ ನಗುವಾಗ ಒಬ್ಬನೇ ಸುಮ್ಮನಿದ್ದರೆ ಎದ್ದು ಕಾಣುತ್ತೇನೆ ಎಂದು ಬಲ್ಲವನ ನಗೆ.

ಸ್ವಲ್ಪ ಹೊತ್ತಿನಲ್ಲಿ ಅವನು ಎದ್ದ. ತಟ್ಟೆಯಲ್ಲಿ ಏನೂ ಬಿಟ್ಟಿರಲಿಲ್ಲ. ಓಪಲ್‌ಗೆ ಥ್ಯಾಂಕ್ಸ್ ಹೇಳಿ, "ಮೊಟ್ಟೆ ತುಂಬ ಚೆನ್ನಾಗಿತ್ತು" ಎಂದ.

"ಅದು ಮರ್ಲೀನ್ ಮಾಡಿದ್ದು."

"ಚೆನ್ನಾಗಿತ್ತು, ಮಿಸ್ ಮರ್ಲೀನ್," ಎಂದು ತಲೆಬಾಗಿ ಹೊರಟುಹೋದ. ತಾನು ಯಾರೆಂದು ಹೇಳಲಿಲ್ಲ. ಹೇಳಿದ್ದರೆ ಅವಳ ಮರ್ಯಾದೆ ಅಲ್ಲೇ ಹೋಗುತ್ತಿತ್ತು. ಹೇಳದೆ ಅದನ್ನು ಕಾಪಾಡಿ ಹೋದ.

"ಪಾಪ, ಎಷ್ಟು ಸಭ್ಯಸ್ಥ," ಓಪಲ್ ಕುರ್ಚಿ ಮಡಚುತ್ತ ಅಂದಳು. "ಯಾರೇ ಅವ್ರು?"

"ಇಪ್ಪತ್ತೆರಡರ ಅಪ್ಪ," ಎಂದಳು ಮರ್ಲೀನ್.

ಕಡಲೆಕಾಯಿ ಸುಲಿಯುತ್ತಿದ್ದ ಡ್ಯೂಯಿಯ ಕೈ ನಿಂತಿತು. ಬಫರ್ಡ್ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮತ್ತೆ ತೆಗೆದ. "ಅಯ್ಯೋ ನನ್ನ ಬಾಯಿಗೆ... ಅವ್ರ ಹತ್ರಾನೇ ಕೇಳಿದ್ನಲ್ಲ! ಅಕ್ಕ, ನಿಂಗೆ ಯಾವಾಗ ಗೊತ್ತಾಯ್ತು?"

ಈಗತಾನೇ ಎಂದರೆ ನಂಬುತ್ತಿದ್ದರು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು.

"ಬೆಳಗ್ಗೇನೇ ಗೊತ್ತಿತ್ತು."

ಓಪಲ್ ಕಂಬದ ಹತ್ತಿರ ಹೋಗಿ, ಪಿನ್ನು ಕಿತ್ತು, ತಟ್ಟೆಯನ್ನು ನಾಲ್ಕಾಗಿ ಮಡಚಿ ಕಸದ ಚೀಲದಲ್ಲಿ ಎಲ್ಲಕ್ಕಿಂತ ಕೆಳಗೆ ತುರುಕಿದಳು. ಆ ಕೆಲಸ ಮರ್ಲೀನ್ ಮಾಡಬೇಕಾಗಿ ಬರದಿರಲಿ ಎಂದೇ ಅವಳು ಮಾಡಿದ್ದು. ಅದು ಗೊತ್ತಾಗಿ ಮರ್ಲೀನಳ ಕಿವಿ ಇನ್ನಷ್ಟು ಬಿಸಿಯಾಯಿತು. ಅವಳು ಎದ್ದು ಆಟಗಾರರು ಹೊರಬರುವ ಗೇಟಿನ ಕಡೆ ನಡೆದಳು. ಇಡೀ ದಾರಿ ಕಾಲು ಹಿಂದಕ್ಕೇ ಎಳೆಯುತ್ತಿತ್ತು.

ಗೇಟಿನ ಹೊರಗೆ ಮನೆಯವರ ಗುಂಪು. ತಾಯಂದಿರ ಕೈಯಲ್ಲಿ ಡಬ್ಬಿಗಳು, ಚೀಲಗಳು. ಕ್ಲೋವಿಸ್ ಬೇಲಿಗೊರಗಿ ಒಬ್ಬನೇ ನಿಂತಿದ್ದ. ಅವಳನ್ನು ಕಂಡು ಮತ್ತೆ ಟೋಪಿ ತೆಗೆದ.

"ಮಿಸ್ಟರ್ ಲಡ್ನರ್, ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಹೇಳೋ ಬದ್ಲು ಅದನ್ನ ಬರೆದೆ. ಗೊತ್ತಿದ್ದೂ ಬರೆದೆ."

"ಆಟ ಅಂದ್ಮೇಲೆ ಜನ ಆಡ್ಕೋತಾರೆ ಮೇಡಂ."

"ಜನ ಬೇರೆ. ನಾನು ನಿಮ್ಮನ್ನ ಊಟಕ್ಕೆ ಕರೆದೋಳು."

ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುವಿದ. "ನೀವು ಬರೆದ್ರಿ. ಅದು ಹೋಗ್ಲಿ ಬಿಡಿ," ಎಂದ. "ನಾನು ನಕ್ಕೆ. ಅವನ ಅಪ್ಪ ನಾನು, ಕೂತು ನಕ್ಕೆ. ಅದನ್ನ ಅವನಿಗೆ ಹೆಂಗೆ ಹೇಳೋದು ಅಂತ ಯೋಚ್ನೆ ಮಾಡ್ತಿದ್ದೆ."

ಮರ್ಲೀನ್ ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ಅವಳ ಎರಡು ಸಾಲು ಹುಡುಗನನ್ನಷ್ಟೇ ಕುಟುಕಿರಲಿಲ್ಲ. ನಾಲ್ಕು ತಾಸು ಗಾಡಿ ಓಡಿಸಿಕೊಂಡು ಬಂದ ತಂದೆಯನ್ನು, ತನ್ನ ಮಗನ ವಿರುದ್ಧದ ಬೆಂಚಿನಲ್ಲಿ ಕೂರಿಸಿಬಿಟ್ಟಿದ್ದವು.

ಹುಡುಗ ಹೊರಗೆ ಬಂದ. ಒದ್ದೆ ತಲೆ, ಹೆಗಲಿಗೆ ಚೀಲ, ಎಡಗೆನ್ನೆಯ ಮೇಲೆ ತರಚು ಗಾಯ. ತಂದೆ ಮಗ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹತ್ತೊಂಬತ್ತು ವರ್ಷದ ಆ ಮುಖ ತಂದೆಯ ಭುಜದ ಮೇಲೆ, ಬೇಕಾದುದಕ್ಕಿಂತ ತುಸು ಹೆಚ್ಚೇ ಹೊತ್ತು ಇತ್ತು.

"ಇವ್ರು ಮಿಸ್ ಮರ್ಲೀನ್," ಕ್ಲೋವಿಸ್ ಅಂದ. "ನಂಗೆ ಊಟ ಹಾಕಿದ್ರು."

"ಥ್ಯಾಂಕ್ಸ್ ಮೇಡಂ," ಹುಡುಗ ಕೈಚಾಚಿದ.

ಅವಳು ಆ ಕೈಯನ್ನು ಹಿಡಿಯಲಿಲ್ಲ, ಹಿಡಿಯಲಾಗಲಿಲ್ಲ. "ಮೊದ್ಲು ಕೇಳು ಮಗು. ತಟ್ಟೆ ಮೇಲೆ ನಿನ್ನ ವಿಷ್ಯ ಬರೆದೋಳು ನಾನು."

ಕೋಲ್ಬಿ ಕೈಯನ್ನು ಮೆಲ್ಲಗೆ ಇಳಿಸಿದ. "ಓ, ಅದು ನೀವಾ? ಒಳಗೆ ಎಲ್ಲಾರ ಫೋನಿಗೂ ಬಂತು." ಕೋಪವಿರಲಿಲ್ಲ ಅವನ ದನಿಯಲ್ಲಿ, ದಣಿವಿತ್ತು. "ನಮ್ಮನೇಲಿ ಒಂದು ಪುಟ್ಟ ಕೂಸಿದೆ ಮೇಡಂ. ನನ್ ತಂಗಿ, ಎಂಟು ತಿಂಗ್ಳು. ಮನೆಗೆ ಹೋದಾಗೆಲ್ಲ ನಾನೇ ಎತ್ಕೊಳ್ಳೋದು. ಅಮ್ಮ ಈ ಸಾಲು ನೋಡ್ದೇ ಇದ್ರೆ ಸಾಕು."

ಮರ್ಲೀನ್ ನೆಲ ನೋಡಿದಳು.

"ಮತ್ತೆ, ಎರಡನೇದು ನನ್ನ ತಪ್ಪಲ್ಲ," ಎಂದ ಹುಡುಗ, ಇಷ್ಟು ಹೊತ್ತು ಅದನ್ನೇ ಯಾರಿಗಾದರೂ ಹೇಳಬೇಕೆಂದು ಕಾದಿದ್ದವನಂತೆ. "ಮೊಣಕಾಲು ಆಗ್ಲೇ ನೆಲಕ್ಕೆ ತಾಗಿತ್ತು. ಆಮೇಲೆ ಚೆಂಡು ಜಾರಿದ್ದು. ಮೊಣಕಾಲು ತಾಗಿದ್ಮೇಲೆ ಬಿದ್ರೆ ಅದು ಲೆಕ್ಕಕ್ಕೇ ಬರಲ್ಲ. ರೆಫರಿ ನೋಡ್ಲಿಲ್ಲ ಅಷ್ಟೆ. ಮೊದಲ್ನೇದು ನಂದೇ ತಪ್ಪು. ಒಪ್ಕೋತೀನಿ."

"ಒಂದೇ ಸಲ," ಎಂದಳು ಮರ್ಲೀನ್.

"ಒಂದೇ ಸಲ."

ಕ್ಲೋವಿಸ್ ಮಗನತ್ತ ತಿರುಗಿದ. "ಕೋಲ್ಬಿ, ಅದನ್ನ ಓದಿದಾಗ ನಾನು ಅಲ್ಲೇ ಇದ್ದೆ."

"ನಕ್ಯಾ?"

"ನಕ್ಕೆ ಕಣೋ."

ಹುಡುಗ ತಂದೆಯ ಮುಖವನ್ನೇ ನೋಡಿದ. ಇದನ್ನು ನೋಡುತ್ತ ನಿಲ್ಲುವ ಹಕ್ಕು ತನಗಿಲ್ಲ ಎಂದು ಮರ್ಲೀನಳಿಗೆ ಗೊತ್ತಿತ್ತು. ಓಡಿಹೋಗುವ ಹಕ್ಕೂ ಇಲ್ಲವೆಂದು ನಿಂತಳು. ಆಮೇಲೆ ಕೋಲ್ಬಿ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ನಂಗೇನಾದ್ರೂ ತಿನ್ನೋಕೆ ತಂದ್ಯಾ?" ಎಂದ.

ತಂದೆ ಖಾಲಿ ಕೈ ತೋರಿಸಿದ. ಸುತ್ತಲಿನ ತಾಯಂದಿರೆಲ್ಲ ಡಬ್ಬಿ ಬಿಚ್ಚುತ್ತಿದ್ದರು. ಮರ್ಲೀನಳೂ ಬರಿಗೈಯಲ್ಲೇ ಬಂದಿದ್ದಳು. ಕ್ಷಮೆ ಕೇಳುವ ಆತುರದಲ್ಲಿ ಹುಡುಗನ ಹಸಿವು ಅವಳಿಗೆ ಹೊಳೆದೇ ಇರಲಿಲ್ಲ.

"ನಮ್ಮ ಡೇರೆಗೆ ಬನ್ನಿ, ಇಬ್ರೂ. ಬೇಕಾದಷ್ಟಿದೆ," ಎಂದಳು.

"ಬೇಡ ಮೇಡಂ, ಥ್ಯಾಂಕ್ಸ್," ಎಂದ ಹುಡುಗ, ತುಂಬ ಮರ್ಯಾದೆಯಿಂದ. "ಅಪ್ಪಂಗೆ ದಾರಿ ದೂರ. ದಾರೀಲಿ ಎಲ್ಲಾದ್ರೂ ತಿಂದು, ನನ್ನ ಹಾಸ್ಟೆಲ್‌ಗೆ ಬಿಟ್ಟು ಹೋಗ್ತಾರೆ."

ಇಬ್ಬರೂ ಹೊರಟರು. ಮೊದಮೊದಲು ಅವರ ನಡುವೆ ಒಂದು ಮಾರು ಅಂತರವಿತ್ತು. ಟ್ರಕ್ಕುಗಳ ಸಾಲು ತಿರುಗುವಲ್ಲಿ ತಂದೆ ಏನೋ ಹೇಳಿದ, ಮಗ ತನ್ನ ಮೊಣಕಾಲು ಮುಟ್ಟಿ ಏನನ್ನೋ ತೋರಿಸಿದ. ಅಲ್ಲಿಂದ ಮುಂದೆ ಅವರು ಕಾಣಲಿಲ್ಲ.

ಡೇರೆಗೆ ಮರಳಿದಾಗ ಮೂವರೂ ಹಾಗೇ ಕೂತಿದ್ದರು.

"ಏನಂದ್ರು?" ಬಫರ್ಡ್ ಕೇಳಿದ.

"ಎರಡನೇದು ಅವನ ತಪ್ಪಲ್ವಂತೆ. ಮೊಣಕಾಲು ಮೊದ್ಲೇ ನೆಲಕ್ಕೆ ತಾಗಿತ್ತು."

"ಹೌದಾ?" ಡ್ಯೂಯಿ ಮುಂದಕ್ಕೆ ಬಾಗಿದ. "ನಂಗೆ ಆಗ್ಲೇ ಅನ್ಸಿತ್ತು."

"ನಿಂಗೆ ಎಲ್ಲಿ ಅನ್ಸಿತ್ತು? ಎರಡ್ಸಲ ಎರಡ್ಸಲ ಅಂತ ಕಿರುಚ್ತಿದ್ದೋನು ನೀನೇ!" ಎಂದ ಬಫರ್ಡ್.

"ನಾನು ಕೋಚ್‌ನ ಬೈದಿದ್ದು, ಹುಡುಗನ್ನಲ್ಲ."

ಮಾತು ಮತ್ತೆ ಹತ್ತಿಕೊಂಡಿತು, ಆದರೆ ಸಣ್ಣ ದನಿಯಲ್ಲಿ. ಮರ್ಲೀನ್ ಅದಕ್ಕೆ ಕಿವಿಗೊಡದೆ, ಡಬ್ಬಿಗಳನ್ನು ಒಂದೊಂದಾಗಿ ಮುಚ್ಚತೊಡಗಿದಳು. ರಸ್ತೆಯಿಂದ ಯಾರೋ ಕೂಗಿದರು: "ಮಿಸ್ ಮರ್ಲೀನ್! ತಟ್ಟೆ ಎಲ್ಲಿ? ನಮ್ಮಾಕೆಗೆ ತೋರಿಸ್ಬೇಕಿತ್ತು!"

"ಇವತ್ತು ತಟ್ಟೆ ಇಲ್ಲ," ಓಪಲ್ ಥಟ್ಟನೆ ಅಂದಳು.

"ಇತ್ತು," ಎಂದಳು ಮರ್ಲೀನ್, ರಸ್ತೆಯವನಿಗೆ ಕೇಳುವಷ್ಟು ಜೋರಾಗಿ. "ಬರೆದಿದ್ದೆ. ಬರೀಬಾರ್ದಿತ್ತು."

ಅವನಿಗೆ ಅದು ತಮಾಷೆಯೆಂದು ಕಂಡಿತು. ನಕ್ಕು ಕೈಬೀಸಿ, ಮುಂದಕ್ಕೆ ಹೋದ.