ಉದ್ದ ಪೈಪಿನ ಸೂಗಪ್ಪ

ಸಿಂಧನೂರಿನ ಗಂಜಿನಲ್ಲಿ, ಎಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಸೂಗಪ್ಪ ಎಂಬ ಹೆಸರಿನವರು ಬೇಕಾದಷ್ಟು ಮಂದಿ ಇದ್ದರು. ಉದ್ದ ಪೈಪಿನ ಸೂಗಪ್ಪ ಮಾತ್ರ ಒಬ್ಬನೇ. ಮಸ್ಕಿಯ ಈ ಹುಡುಗ ಹಳೆಯ ಲಾರಿಯೊಂದನ್ನು ಕೊಂಡ ಹೊಸತರಲ್ಲಿ, ಟೈರು ಬದಲಿಸುವುದನ್ನೂ ಬ್ರೇಕು ನೋಡಿಸುವುದನ್ನೂ ಬಿಟ್ಟು, ಮೊದಲು ಲಿಂಗಸುಗೂರಿಗೆ ಹೋಗಿ ವೆಲ್ಡಿಂಗ್ ನಬೀಸಾಬನ ಮುಂದೆ ನಿಂತಿದ್ದ. ಹೊಗೆಯ ಪೈಪು ಸೈಲೆನ್ಸರಿನಿಂದ ಹೊರಟು, ಹಿಂದಿನ ಗಾಲಿಗಳನ್ನು ದಾಟಿ, ನೆಲದ ಕಡೆ ಬಾಗಿ, ಲಾರಿಯ ಬೆನ್ನಿನಾಚೆ ಒಂದು ಮೊಳ ಹೊರಗೆ ಚಾಚಬೇಕು. ಬಾಯಿ ಅಗಲವಾಗಿರಬೇಕು. ಮೇಲೆ ಬೆಳ್ಳಿ ಬಣ್ಣ ಬೇಕೇ ಬೇಕು. "ಇದು ಲಾರಿನೋ, ಮದಿವಿ ಬ್ಯಾಂಡೋ?" ಎಂದು ನಬೀಸಾಬ್ ನಕ್ಕ, ಆದರೂ ಹೇಳಿದಂತೆ ಮಾಡಿಕೊಟ್ಟ. ಅಂದಿನಿಂದ ಸೂಗಪ್ಪ ಬೆಳಿಗ್ಗೆ ಎದ್ದರೆ ತನ್ನ ಮುಖ ತೊಳೆಯುವ ಮೊದಲು ಆ ಪೈಪನ್ನು ಒರೆಸುತ್ತಿದ್ದ. ಗಂಜಿನ ಹಮಾಲರು ನಕ್ಕರೆ ನಗಲಿ, ನೋಡುತ್ತಾರಲ್ಲ, ಅಷ್ಟು ಸಾಕು ಅವನಿಗೆ.

ಅವನಿಗೆ ಬೇಕಾದದ್ದು ಇನ್ನೂ ಒಂದಿತ್ತು. ಮುಕ್ಕುಂದದ ಗೋಪಣ್ಣನ ಮಗಳು ಯಂಕಮ್ಮ. ಗೋಪಣ್ಣ ಸೂಗಪ್ಪನ ತಾಯಿಗೆ ದೂರದಿಂದ ಅಣ್ಣನಾಗಬೇಕು. ಹಾಗಾಗಿ ಸೂಗಪ್ಪ ಚಿಕ್ಕಂದಿನಿಂದಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದ. ಆ ಸಲಿಗೆಯನ್ನೇ ನಂಬಿಕೊಂಡು ಹಿರಿಯರು ಹೆಣ್ಣು ಕೇಳಲು ಹೋದರೆ, ಗೋಪಣ್ಣ ಚಹಾ ಕುಡಿಸಿ ಕೈ ತೊಳೆದುಕೊಂಡಿದ್ದ. "ಲಾರಿ ಡ್ರೈವರ್‌ಗೆ ನನ್ನ ಮಗಳ್ನ ಕೊಡಂಗಿಲ್ಲ. ಇವತ್ತು ಇಲ್ಲಿ, ನಾಳೆ ಹೈದರಾಬಾದು. ನನಗ ಹೊಲಕ್ಕ ಆಗೋ ಅಳಿಯ ಬೇಕು" ಎಂದು ಕಡ್ಡಿ ಮುರಿದಂತೆ ಹೇಳಿದ್ದ.

ಯಂಕಮ್ಮನ ಮನಸ್ಸು ಬೇರೆ ಇತ್ತು. ದೀಪಾವಳಿಗೆ ಬಳೆ ಇಡಿಸಿಕೊಳ್ಳಲು ಸಿಂಧನೂರಿಗೆ ಬಂದವಳು, ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಕಂಡು ಎರಡೇ ಮಾತು ಆಡಿದ್ದಳು. "ರಾಶಿ ಮುಗದ ಮ್ಯಾಲೆ ನಮ್ಮಪ್ಪ ಮಾನ್ವಿ ಕಡಿ ಗಂಡು ನೋಡಾಕ ಹೋಗ್ತಾನ. ನೀ ಏನರ ಮಾಡೋದಿದ್ರ ಈಗ ಮಾಡು." ಏನು ಮಾಡಬೇಕು ಎಂಬುದನ್ನು ಅವಳು ಹೇಳಲಿಲ್ಲ. ಸೂಗಪ್ಪನಿಗೂ ಹೊಳೆಯಲಿಲ್ಲ. ಲಾರಿ ಓಡಿಸುವುದೊಂದನ್ನು ಬಿಟ್ಟರೆ ಅವನಿಗೆ ಬರುತ್ತಿದ್ದದ್ದಾದರೂ ಏನು?

ಎಂಬತ್ತೇಳರ ನವೆಂಬರಿನಲ್ಲಿ ದಾರಿ ತಾನಾಗಿಯೇ ತೆರೆಯಿತು. ಆಂಧ್ರದ ಕಡೆ ಸಮುದ್ರದಲ್ಲಿ ತೂಫಾನು ಎದ್ದಿದೆ, ಮಳೆ ಇತ್ತ ಬರುತ್ತಿದೆ ಎಂದು ರೇಡಿಯೋ ಹೇಳಿತು. ಕಾಲುವೆಯ ಉದ್ದಕ್ಕೂ ಭತ್ತ ಕೊಯ್ದು ಬಿದ್ದಿತ್ತು. ತುಳಿಸಿ ಕಾಳು ಬಿಡಿಸುವುದಕ್ಕೆ ಟ್ರ್ಯಾಕ್ಟರು ಬೇಕೆಂದು ಊರೆಲ್ಲ ಒಮ್ಮೆಗೇ ಎದ್ದರೆ ಟ್ರ್ಯಾಕ್ಟರು ಎಲ್ಲಿಂದ ಬರಬೇಕು? ಗೋಪಣ್ಣನ ಭತ್ತದ ಕಟ್ಟುಗಳು, ಆ ಸಿವುಡುಗಳೆಲ್ಲ, ಕಣದಲ್ಲಿ ಬಣವೆಯಾಗಿಯೇ ಕುಳಿತಿವೆ ಎಂಬ ಸುದ್ದಿ ಗಂಜಿಗೆ ಬಂದದ್ದೇ ತಡ, ಸೂಗಪ್ಪ ಸಿಕ್ಕ ಬಾಡಿಗೆಯನ್ನು ಬಿಟ್ಟು, ಖಾಲಿ ಲಾರಿಯನ್ನು ಬೆಳಗಾಗುವುದರೊಳಗೆ ಮುಕ್ಕುಂದಕ್ಕೆ ತಂದು ನಿಲ್ಲಿಸಿದ.

"ಮಾವ, ಟ್ಯಾಕ್ಟರ್ ದಾರಿ ಕಾಯಬ್ಯಾಡ್ರಿ. ಸಿವುಡು ಹರವಿಸ್ರಿ, ಲಾರಿಲೇ ತುಳಿಸ್ತೀನಿ. ಆಂಧ್ರದಾಗ ಹಿಂಗಾ ಮಾಡ್ತಾರ."

ಗೋಪಣ್ಣ ಅವನನ್ನು ನೋಡಿದ, ಲಾರಿಯನ್ನು ನೋಡಿದ, ಮೂಡಲಿನ ಕಪ್ಪು ಮೋಡವನ್ನು ನೋಡಿದ. ಬೇಡ ಎನ್ನಲು ಬಾಯಿ ತೆರೆದವನು ಮೋಡ ನೋಡಿ ಮುಚ್ಚಿಕೊಂಡ. ಆದರೆ ಗೋಪಣ್ಣನ ತಾಯಿ ಮಾರೆಮ್ಮ ಕಣದ ಬಾಯಿಗೆ ಅಡ್ಡ ಬಂದು ನಿಂತಳು.

"ಎಲ್ಲೆಲ್ಲಿ ಏನೇನು ತುಳಕೊಂಡು ಬಂದೈತೋ ನಿನ್ನ ಗಾಡಿ! ಇದು ನಾವು ಕೆರ ಬಿಟ್ಟು ಬರೋ ಕಣ."

"ಲಾರಿಗೆ ಕೆರ ಬಿಡಾಕ ಬರಂಗಿಲ್ಲಲ್ಲ ಅಜ್ಜಿ."

"ಕಾಲು ತೊಳಕೊಳ್ಳಾಕರ ಬರತೈತಿಲ್ಲ?"

ಸೂಗಪ್ಪ ಕಾಲುವೆಯಿಂದ ಕೊಡ ಹೊತ್ತು ಹೊತ್ತು ಆರೂ ಟೈರುಗಳನ್ನು ತಿಕ್ಕಿ ತೊಳೆದ. ಮಾರೆಮ್ಮ ಮುಂದಿನ ಗಾಲಿಗೆ ಭಂಡಾರ ಹಚ್ಚಿ ದಾರಿ ಬಿಟ್ಟಳು. ಸಿವುಡು ಹರಡುತ್ತಿದ್ದ ಯಂಕಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡದ್ದನ್ನು ಅವನು ಕನ್ನಡಿಯಲ್ಲಿ ಕಂಡ. ಅಷ್ಟಕ್ಕೇ ಅವನಿಗೆ ಕಣದ ತುಂಬ ಹಗುರಾಗಿ ಹಾರಾಡಿದಂತಾಯಿತು.

ಮೊದಲ ಸುತ್ತುಗಳು ಚೆನ್ನಾಗಿಯೇ ಹೋದವು. ಗಾಲಿಯ ಕೆಳಗೆ ಭತ್ತ ಚಟಚಟನೆ ಉದುರುವುದು ಎಂಜಿನ್ ಸದ್ದಿನಲ್ಲೂ ಕೇಳಿಸುತ್ತಿತ್ತು. ಕಣ ಚಿಕ್ಕದು, ಮೂಲೆಯಲ್ಲಿ ಹಿಂದಕ್ಕೆ ತೆಗೆಯಬೇಕು. ತೆಗೆದ. ನೆಲಕ್ಕೆ ಬಾಗಿದ್ದ ಆ ಬೆಳ್ಳಿ ಪೈಪು ಅಗಲ ಬಾಯಿ ತೆರೆದುಕೊಂಡು ಹೋಗಿ ಹುಲ್ಲಿನ ರಾಶಿಯಲ್ಲಿ ಮೂತಿ ಹೂತಿತು. ಹುಲ್ಲು ತುರುಕಿಕೊಂಡು ಎಂಜಿನ್ ಕೆಮ್ಮಿತು. ಹಿಂದೆ ಏನಾಗಿದೆ ಎಂದು ಇಳಿದು ನೋಡುವ ಬದಲು ಪುಣ್ಯಾತ್ಮ ಜೋರಾಗಿ ಆಕ್ಸಿಲರೇಟರ್ ಒತ್ತಿದ. ಪೈಪಿನೊಳಗೆ ಕಾದು ಕೆಂಡವಾಗಿದ್ದ ಹುಲ್ಲಿನ ಮುದ್ದೆ ಹೊರಗೆ ಹಾರಿ ಒಣ ಸಿವುಡಿನ ಮೇಲೆ ಬಿತ್ತು.

"ಬೆಂಕಿ! ಬೆಂಕಿ!" ಹೆಂಗಸರು ಕೂಗಿದರು. ಗೋಪಣ್ಣ ಬರಿಗಾಲಲ್ಲೇ ತುಳಿದ, ಯಂಕಮ್ಮ ಕುಡಿಯುವ ನೀರಿನ ಕೊಡವನ್ನೇ ತಂದು ಬೋರಲು ಹಾಕಿದಳು. ಬೆಂಕಿ ಆರಿತು. ಒಂದು ಹೊರೆ ಹುಲ್ಲು ಕಪ್ಪಾದದ್ದು ಬಿಟ್ಟರೆ ಏನೂ ಹೋಗಲಿಲ್ಲ. ಆದರೆ ಗೋಪಣ್ಣ ಬಂದು ಲಾರಿಯ ಬಾಗಿಲಿಗೆ ಬಡಿದ.

"ತಗೀಲೇ ನಿನ್ನ ಗಾಡಿ! ವರ್ಷದ ಅನ್ನ ಸುಡಾಕ ಬಂದೀಯೇನು? ಮಳಿ ಬಂದು ಕೊಳತ್ರ ಕೊಳೀಲಿ, ತಗಿ!"

ಸೂಗಪ್ಪ ಲಾರಿಯನ್ನು ಕಣದ ಹೊರಗೆ, ಕಾಲುವೆಯ ಏರಿಯ ಪಕ್ಕದಲ್ಲಿ ನಿಲ್ಲಿಸಿ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕುಳಿತ. ಹೆಣ್ಣು ಹೋಯಿತು, ಮಾನವೂ ಹೋಯಿತು. ಹೊಲಕ್ಕೆ ಆಗುವ ಅಳಿಯ ಬೇಕೆಂದವನ ಬೆಳೆಗೇ ಬೆಂಕಿ ಇಟ್ಟ ಮೇಲೆ ಇನ್ನೇನು ಉಳಿಯಿತು? ಅಳು ಬಂದಂತಾಯಿತು, ನಾಚಿಕೆಯೂ ಆಯಿತು.

ಖಾಲಿ ಕೊಡ ತುಂಬಿಕೊಳ್ಳುವ ನೆಪದಲ್ಲಿ ಯಂಕಮ್ಮ ಏರಿಗೆ ಬಂದಳು. ಲಾರಿಯ ಹಿಂದೆ ನಿಂತು ಪೈಪನ್ನು ದಿಟ್ಟಿಸಿದಳು.

"ಹೊಗಿ ಬಿಡಾಕ ಇಷ್ಟುದ್ದ ಬಾಲ ಯಾಕ ಬೇಕು ಇದಕ್ಕ?"

"ಚಂದ ಕಾಣ್ತೈತಿ ಅಂತ..."

"ಯಾರಿಗೆ?"

ಸೂಗಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಸೈಲೆನ್ಸರು ಅಲ್ಲಿ ಮ್ಯಾಲೆ ಐತಲ್ಲ, ಹುಲ್ಲು ಅಲ್ಲೀಮಟ ಎಲ್ಲಿ ಏರತೈತಿ? ಅದರ ಬೆನ್ನಿಗೇ ಕೊಯ್ದು ಒಗಿ" ಎಂದಳು ಯಂಕಮ್ಮ. ದನಿ ಸ್ವಲ್ಪ ಮೆತ್ತಗಾಯಿತು. "ಇಲ್ಲಂದ್ರ ಇದನ್ನ ಒರಸಿಕೋತ ಕುಂದ್ರು. ನಾ ಮಾನ್ವಿಗೆ ಹೋಗ್ತೀನಿ."

ಸೂಗಪ್ಪ ಕೆಳಗಿಳಿದ. ಪೈಪಿನ ಮೇಲೆ ಒಮ್ಮೆ ಕೈಯಾಡಿಸಲು ಹೋಗಿ ಚುರುಕ್ಕೆಂದು ಸುಟ್ಟುಕೊಂಡ. ಅದೇ ಒಳ್ಳೆಯದಾಯಿತು, ಮನಸ್ಸು ಗಟ್ಟಿಯಾಯಿತು. ಯಂಕಮ್ಮ ಕಾಲುವೆ ನೀರು ಹೊಯ್ದು ಪೈಪು ತಣಿಸಿದಳು. ಅವನು ಸೀಟಿನ ಕೆಳಗಿನ ಸಾಮಾನು ಡಬ್ಬಿಯಿಂದ ಗರಗಸದ ಬ್ಲೇಡು ತೆಗೆದು, ಲಾರಿಯ ಕೆಳಗೆ ಅಂಗಾತ ಮಲಗಿ ಕೊಯ್ಯತೊಡಗಿದ. ಕಬ್ಬಿಣದ ಪುಡಿ ಕಣ್ಣಿಗೆ, ಮಸಿ ಬಾಯಿಗೆ. ಬ್ಲೇಡು ಮುರಿಯಿತು, ಮುರಿದ ಚೂರನ್ನೇ ಬಟ್ಟೆ ಸುತ್ತಿ ಹಿಡಿದು ಕೊಯ್ದ. ಕೊನೆಗೆ ಸೈಲೆನ್ಸರಿನ ಹಿಂದೆ ಗೇಣುದ್ದ ಮಾತ್ರ ಉಳಿದು, ಉಳಿದದ್ದೆಲ್ಲ ಧೊಪ್ಪೆಂದು ನೆಲಕ್ಕೆ ಬಿತ್ತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮುಖವೆಲ್ಲ ಮಸಿಯಾಗಿ ಕಣದ ಬಾಯಿಗೆ ಬಂದು ನಿಂತವನನ್ನು ನೋಡಿ ಗೋಪಣ್ಣ ಬೈಯಲು ಎದ್ದ. ಏರಿಯ ಪಕ್ಕ ಬಿದ್ದಿದ್ದ ಬೆಳ್ಳಿ ಪೈಪು ಕಣ್ಣಿಗೆ ಬಿತ್ತು. ಊರೂರಿಗೆ ಗೊತ್ತಿದ್ದ ಪೈಪು ಅದು. ಗೋಪಣ್ಣ ಲಾರಿಯ ಕೆಳಗೆ ಬಗ್ಗಿದ. ಎಂಜಿನ್ ಚಾಲೂ ಮಾಡಿಸಿದ. ನೆಲದ ಮೇಲೆ ಮೊಳಕಾಲುದ್ದ ಹುಲ್ಲು ಒಟ್ಟಿ, ಲಾರಿಯನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಲು ಹೇಳಿ ನೋಡಿದ. ಹೊಗೆ ಮೇಲೆ ಲಾರಿಯ ತಳದ ಹಲಗೆಗೆ ಬಡಿದು ಪಕ್ಕಕ್ಕೆ ಹೋಗುತ್ತಿತ್ತು. ಒಂದು ಎಳೆ ಹುಲ್ಲೂ ಆ ಮೋಟು ಬಾಯಿಯ ಹತ್ತಿರ ಸುಳಿಯಲಿಲ್ಲ.

"ಸುತ್ತಿಗೊಮ್ಮೆ ನಿಲ್ಲಿಸು, ನಾ ಬಗ್ಗಿ ನೋಡ್ತೀನಿ" ಎಂದ ಗೋಪಣ್ಣ. "ಟೈರು ಮತ್ತೊಮ್ಮೆ ತೊಳಿ" ಎಂದಳು ಮಾರೆಮ್ಮ.

ಲಾರಿ ಗರಗರ ಎಂದು ಒರಟಾಗಿ ಕೂಗುತ್ತ ಕಣ ಸುತ್ತಿತು. ಗೋಪಣ್ಣ ನೀರಿನ ಕೊಡ ಹಿಡಿದು ಜೊತೆಗೇ ನಡೆದ. ಮೊದಮೊದಲು ಪ್ರತಿ ಸುತ್ತಿಗೂ ಬಗ್ಗಿ ನೋಡುತ್ತಿದ್ದವನು, ಬರಬರುತ್ತ ಬಗ್ಗುವುದನ್ನು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಕೊಡವನ್ನು ಕೆಳಗಿಟ್ಟು "ಬಲಕ್ಕ, ಇನ್ನಾ ಬಲಕ್ಕ" ಎಂದು ಕೈ ಮಾಡಿ ದಾರಿ ತೋರಿಸತೊಡಗಿದ. ತೂಫಾನಿನ ಗಾಳಿಯೇ ತೂರುವುದಕ್ಕೆ ಒದಗಿ ಬಂತು. ಹೆಂಗಸರು ಮೊರ ಎತ್ತಿ ಸುರಿದಂತೆ ಹೊಟ್ಟು ಹಾರಿ ಹೋಗಿ, ಹೊತ್ತು ಇಳಿಯುವ ಮುಂಚೆ ಕಣದ ನಡುವೆ ಭತ್ತದ ರಾಶಿ ಎದ್ದು ನಿಂತಿತು. ಸೂಗಪ್ಪ ಆ ರಾಶಿಯನ್ನು ನೋಡಿದಷ್ಟು ಸಂತೋಷದಿಂದ ಹಿಂದೆ ಯಾವುದನ್ನೂ ನೋಡಿರಲಿಲ್ಲ.

ಮಾರೆಮ್ಮ ರಾಶಿಗೆ ಪೂಜೆ ಮಾಡಿದಳು. ಆಮೇಲೆ ಕಣದಲ್ಲಿ ದುಡಿದವರಿಗೆಲ್ಲ ಒಂದೊಂದು ಮೊರ ಭತ್ತ ಕೊಡುವುದು ಪದ್ಧತಿ. ಸಿವುಡು ಹರಡಿದವರು, ಹುಲ್ಲು ಕೊಡವಿದವರು, ತೂರಿದವರು ಸಾಲಾಗಿ ಸೆರಗು ಒಡ್ಡಿ ನಿಂತರು. ಸೂಗಪ್ಪನೂ ಟವಲು ಬಿಚ್ಚಿ ಹಿಡಿದು ಸಾಲಿನಲ್ಲಿ ನಿಂತ. ಗೋಪಣ್ಣ ಒಬ್ಬೊಬ್ಬರಿಗೂ ಸುರಿಯುತ್ತ ಅವನ ತನಕ ಬಂದ. ಅವನ ಮುಖ ನೋಡಿದ. ಅವನನ್ನು ದಾಟಿ ಪಕ್ಕದವಳ ಸೆರಗಿಗೆ ಮೊರ ಬಗ್ಗಿಸಿದ.

ಸೂಗಪ್ಪನ ಕಿವಿ ಬಿಸಿಯಾಯಿತು. ಬೆಂಕಿ ಬಿದ್ದದ್ದನ್ನು ಮಾವ ಮರೆತಿಲ್ಲ. ಇಷ್ಟು ಜನರ ಎದುರು, ದಿನವಿಡೀ ದುಡಿದವನಿಗೆ ಒಂದು ಮೊರ ಭತ್ತವೂ ಇಲ್ಲವೆಂದರೆ! ಬಾಡಿಗೆ ಬೇಡವೆಂದೇ ಬಂದವನು ನಿಜ. ಆದರೆ ಕಣದ ಭತ್ತ ಬಾಡಿಗೆಯಲ್ಲ, ಮರ್ಯಾದೆ. ಕೇಳಿಯೇಬಿಟ್ಟ.

"ನಾ ದುಡೀಲಿಲ್ಲೇನು ಮಾವ? ನನಗ ಯಾಕ ಇಲ್ಲ?"

ಗೋಪಣ್ಣ ಖಾಲಿ ಮೊರವನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದ. ಮೂಡಲಿನ ಕಡೆ ಮೊದಲ ಗುಡುಗು ಕೇಳಿತು.

"ಮನಿ ಮಂದಿಗೆ ಕಣದಾಗ ಯಾರರ ಮೊರ ಕೊಡ್ತಾರೇನಲೇ? ಮಳಿ ಬರಾಕತ್ತೈತಿ. ಹೋಗು, ಆಕಿ ಚೀಲ ಹಿಡದು ನಿಂತಾಳ, ತುಂಬಿ ಲಾರಿಗೆ ಏರಸ್ರಿ."

ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸೆರಗು ತುಂಬಿಕೊಂಡು ನಿಂತಿದ್ದ ಹೆಂಗಸರೆಲ್ಲ ಅವನಿಗಿಂತ ಮೊದಲೇ ತಿಳಿದುಕೊಂಡು ನಗತೊಡಗಿದ್ದರು. ರಾಶಿಯ ಆಚೆ ಯಂಕಮ್ಮ ಚೀಲದ ಬಾಯಿ ಅಗಲ ಮಾಡಿ ಹಿಡಿದು, ತಲೆ ಬಗ್ಗಿಸಿಕೊಂಡು ಅವನಿಗಾಗಿ ಕಾಯುತ್ತಿದ್ದಳು.