ಮೊದಲ ಕೈ

ನಮ್ಮ ಎಸ್ಟೇಟಿನಲ್ಲಿ ಕಾಫಿ ಕುಯ್ಲು ಶುರುವಾಗುವುದು ಕ್ಯಾಲೆಂಡರ್ ನೋಡಿ ಅಲ್ಲ, ಗೌಡರು ಹೇಳಿದರು ಅಂತಲೂ ಅಲ್ಲ. ಕೂಲಿಯವರ ಸಾಲುಮನೆಗಳ ನಮ್ಮ ಲೈನಿನಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸು ಮೊದಲ ಗಿಡಕ್ಕೆ ಕೈ ಹಾಕಿ, ಒಂದು ಹಿಡಿ ಹಣ್ಣು ಕಿತ್ತು ಮಡಿಲಿಗೆ ಹಾಕಿಕೊಳ್ಳಬೇಕು. ಆಮೇಲೆ ಉಳಿದವರು. ಅದಕ್ಕೆ ನಾವು ಮೊದಲ ಕೈ ಅನ್ನುತ್ತೇವೆ. ನನಗೆ ಬುದ್ಧಿ ಬಂದಾಗಿನಿಂದ ಆ ಕೈ ನಮ್ಮಜ್ಜಿ ಭೂತಮ್ಮನದು.

ಆ ಕೈ ತುಂಬ ಹಚ್ಚೆ. ಮೊಣಕೈ ಹತ್ತಿರ ಒಂದು ಚೇಳು, ಕೆಳಗೆ ತುಳಸಿಕಟ್ಟೆ, ಮಣಿಕಟ್ಟಿನ ಮೇಲೆ ತಾತನ ಹೆಸರು. ಅಜ್ಜಿಗೆ ಓದಲು ಬಾರದು, ಆದರೆ ಆ ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿನಲ್ಲಿ ಸವರಿ ಗುರುತು ಹಿಡಿಯುತ್ತಿದ್ದಳು. "ಓಲೆ, ಬಳೆ, ತಾಳಿ ಎಲ್ಲಾನೂ ಬಿಚ್ಕಂಡೇ ಮಣ್ಣಿಗೆ ಹಾಕ್ತಾರೆ ಕಣೋ ಸುರೇಂದ್ರ. ಜೊತೇಲಿ ಬರೋದು ಹಚ್ಚೆ ಒಂದೇ" ಅನ್ನುತ್ತಿದ್ದಳು. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಏಣಿ ಹಾಕಿ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಕುಯ್ಯುವವನು. ಆದರೂ ನಗುತ್ತಿದ್ದೆ.

ಎರಡು ಸಾವಿರದ ಐದರಲ್ಲಿ ಎಸ್ಟೇಟಿನ ಸ್ಟೋರಿನಿಂದ ಮೆಣಸಿನ ಮೂಟೆಗಳು ಕಳುವಾದವು. ಕದ್ದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಪೊಲೀಸರು ಬಂದು ಲೈನಿನ ಪಾತ್ರೆ ಪಡಗವನ್ನೆಲ್ಲ ಕೆದರಿ ಹೋದರು. ಬಂಗಲೆ ಹಿಂದಿನ ಡ್ರೈವರ್ ರೂಮಿಗೆ ಇಣುಕಲೂ ಇಲ್ಲ.

ಗೌಡರು ಅಂದರೆ ಯೋಗಾನಂದ, ನಮ್ಮ ಮಾಲೀಕರು. ಹೆರಿಗೆ ನೋವು ಬಂದವರಿಗೆ ತಮ್ಮ ಜೀಪು ಕೊಟ್ಟವರು, ತಾತ ಸತ್ತಾಗ ಹೆಣದ ಹಿಂದೆ ನಡೆದು ಬಂದವರು. ಪೂರಾ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವರ ಬಂಗಲೆಯಲ್ಲಿ ಎರಡು ಜಾತಿ ನಾಯಿಗಳಿದ್ದವು. ಕಳೆದುಹೋದರೆ ಯಾರದ್ದೆಂದು ತಿಳಿಯಲಿ ಅಂತ ಅವುಗಳ ಕತ್ತಿನ ಚರ್ಮದೊಳಗೆ ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ಪು ಹಾಕಿಸಿದ್ದರು. ಅದೇ ಕಂಪನಿಯವನೊಬ್ಬ ಬಂದು, ಮನುಷ್ಯರಿಗೂ ಹಾಕುವುದು ಬಂದಿದೆ, ಹೊರದೇಶದಲ್ಲಿ ಹಾಕುತ್ತಿದ್ದಾರೆ ಅಂತ ಕಿವಿಗೆ ಹಾಕಿ ಹೋದ. ಮರುತಿಂಗಳು ಗೇಟಿನ ಕಂಬಕ್ಕೊಂದು, ಸ್ಟೋರಿನ ಬಾಗಿಲಿಗೊಂದು ಕರಿ ಪೆಟ್ಟಿಗೆ ಬಂತು. ಚಿಪ್ಪು ಇರುವ ಕೈ ಹತ್ತಿರ ಬಂದರೆ ಪೀಂ ಅನ್ನುತ್ತದೆ. ಯಾರು ಯಾವಾಗ ದಾಟಿದರು ಅನ್ನುವುದು ಆಫೀಸಿನ ಕಂಪ್ಯೂಟರಿಗೆ ಹೋಗುತ್ತದೆ.

ಬೆಳಿಗ್ಗೆ ಹಾಜರಿ ಕರೆಯುವ ಕಣದಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಪಕ್ಕದಲ್ಲಿ ಮೇಜು ಹಾಕಿಕೊಂಡು ಒಬ್ಬ ಡಾಕ್ಟರು.

"ನೋಡ್ರಪ್ಪಾ, ಬಲವಂತ ಇಲ್ಲ. ಇದು ನಿಮಗೇ ಒಳ್ಳೇದು. ನಾಳೆ ಇನ್ನೊಂದು ಮೂಟೆ ಹೋದ್ರೆ, ಸ್ಟೋರೊಳಗೆ ಹೋಗದೇ ಇದ್ದೋರ ಮೇಲೆ ಯಾರೂ ಬೆರಳು ತೋರ್ಸಂಗಿಲ್ಲ. ಹಾಕಿಸ್ಕಳ್ದೇ ಇರೋರ್ನ ಮಾತ್ರ ಗೇಟಲ್ಲಿ ತಪಾಸಣೆ ಮಾಡಿ ಬಿಡ್ತೀವಿ" ಎಂದರು ಗೌಡರು.

"ಅದ್ರೊಳಗೆ ಏನಿರ್ತದೆ ಗೌಡ್ರೆ?" ನಾನು ಕೇಳಿದೆ.

"ಒಂದು ನಂಬರು. ಅಷ್ಟೇ."

"ಯಾರ ನಂಬರು?"

"ನಿಂದೇ ಕಣಯ್ಯ."

"ನಂದಾದ್ರೆ ನಂಗೆ ಹೇಳಿ ನೋಡಾನ."

ಗೌಡರು ರೈಟರ್ ಕೃಷ್ಣಪ್ಪನ ಮುಖ ನೋಡಿದರು. ಹಾಜರಿ, ಲೆಕ್ಕ ಎಲ್ಲ ಅವನ ಕೈಯಲ್ಲೇ. ಕೃಷ್ಣಪ್ಪ ಹಲ್ಲು ಬಿಟ್ಟು, "ಅದು ಪೆಟ್ಟಿಗೆಗೆ ಗೊತ್ತಿರ್ತದೆ ಮಾರಾಯ, ನಿಂಗ್ಯಾಕೆ?" ಎಂದ. ಜನ ನಕ್ಕರು. ನಾನು, "ಈ ಡಾಕ್ಟ್ರು ಹೋದ್ ತಿಂಗ್ಳು ಬಂಗ್ಲೆ ನಾಯಿಗೆ ಸೂಜಿ ಹಾಕಕ್ ಬಂದಿದ್ರು. ನಾನೇ ಸರಪಳಿ ಹಿಡ್ಕಂಡಿದ್ದೆ" ಎಂದೆ. ನಗು ನಿಂತುಹೋಯಿತು. ಒಬ್ಬರೂ ಮುಂದೆ ಬರಲಿಲ್ಲ.

ಆಗ ಗೌಡರು ಮಾಡಿದ್ದನ್ನು ನಾನು ಈಗಲೂ ಮರೆತಿಲ್ಲ. ಅವರಿಗೆ ನಮ್ಮ ಲೈನು ಗೊತ್ತಿತ್ತು, ಹುಟ್ಟಿನಿಂದ ನೋಡಿದವರು. ಸೀದಾ ಅಜ್ಜಿಯ ಮುಂದೆ ಬಂದು, ಮೆತ್ತಗೆ, "ಭೂತಮ್ಮ, ಹಚ್ಚೆ ಚುಚ್ಚಿಸ್ಕಂಡಿಲ್ವೇನವ್ವ? ಇದೂ ಅಷ್ಟೇ ನೋವು. ಮೊದಲ ಕೈ ನಿಂದೇ ಆಗ್ಲಿ" ಎಂದರು.

ಅಜ್ಜಿ ನನ್ನ ಕಡೆ ನೋಡಿದಳು. ಆಮೇಲೆ ಸೆರಗು ಸರಿಸಿ, ಚೇಳಿದ್ದ ಕೈಯನ್ನು ಮೇಜಿನ ಮೇಲೆ ಚಾಚಿದಳು.

ಅಷ್ಟೇ. ಮೊದಲ ಕೈ ಬಿದ್ದ ಮೇಲೆ ಉಳಿದ ಕೈಗಳು ಸುಮ್ಮನಿರುತ್ತವೆಯೇ? ಈರಮ್ಮ ಚಾಚಿದಳು, ನಾಗರತ್ನಮ್ಮ ಚಾಚಿದಳು, ನನ್ನಕ್ಕ ನಯನಾ ಕೂಡ ಚಾಚಿದಳು. ನಾನೊಬ್ಬನೇ ಹಾಕಿಸಿಕೊಳ್ಳಲಿಲ್ಲ. ದಿನಾ ಗೇಟಿನಲ್ಲಿ ನಿಲ್ಲಿಸಿ ನನ್ನ ಲುಂಗಿ ಜಾಡಿಸಿ ನೋಡುತ್ತಿದ್ದರು. ಲೈನಿನವರು ಪೀಂ ಪೀಂ ಅನ್ನಿಸಿಕೊಂಡು ನಗುತ್ತ ಮುಂದೆ ಹೋಗುತ್ತಿದ್ದರು.

ಮರುವರ್ಷದ ಮಳೆಗಾಲದಲ್ಲಿ ನಯನಕ್ಕನಿಗೆ ಕೆಮ್ಮು ಶುರುವಾಯಿತು. ಹಾನುಬಾಳು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಟಿ.ಬಿ. ಅಂದರು. ದಿನ ಬಿಟ್ಟು ದಿನ ಬಂದು ನರ್ಸಮ್ಮನ ಎದುರಿಗೇ ಮಾತ್ರೆ ನುಂಗಬೇಕು, ತಪ್ಪಿಸದಿದ್ದರೆ ವಾಸಿಯಾಗುತ್ತದೆ, ಕೆಲವು ವಾರ ಕಳೆದರೆ ಯಾರಿಗೂ ಅಂಟುವುದಿಲ್ಲ ಅಂದರು. ನಯನಕ್ಕನಿಗೆ ಆಲೂರು ಕಡೆಯ ಹುಡುಗನ ಜೊತೆ ಮಾತಾಗಿತ್ತು. ಲೈನಿನ ಮನೆಗಳಿಗೆ ಗೋಡೆ ಒಂದೇ, ಇತ್ತ ಸೀನಿದರೆ ಅತ್ತ ಕೇಳುತ್ತದೆ. ಹೊಲಿಗೆ ಕಲಿಯಲು ಹೋಗುತ್ತೇನೆ ಅಂತ ಹೇಳಿಕೊಂಡು ಹೊರಟಳು. ನಿಜ ಗೊತ್ತಿದ್ದದ್ದು ಅಜ್ಜಿಗೂ ನನಗೂ ಮಾತ್ರ.

ಪೆಟ್ಟಿಗೆಗೆ ಟಿ.ಬಿ. ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ದಿನ ಬಿಟ್ಟು ದಿನ, ಅದೇ ಹೊತ್ತಿಗೆ ಒಂದು ಕೈ ಗೇಟು ದಾಟುತ್ತದೆ ಅನ್ನುವುದು. ಉಳಿದದ್ದನ್ನು ಕೃಷ್ಣಪ್ಪನ ನಾಲಿಗೆ ಮಾಡಿತು.

ಒಂದು ಬೆಳಿಗ್ಗೆ ಹಾಜರಿ ಕರೆಯುತ್ತ ಕರೆಯುತ್ತ ಅವನು ಎಲ್ಲರೆದುರು ಕೇಳಿದ: "ಏನಮ್ಮ ನಯನಾ, ದಿನ ಬಿಟ್ಟು ದಿನ ಕರೆಕ್ಟಾಗಿ ಗೇಟು ದಾಟ್ತೀಯ, ಎರಡು ಗಂಟೆ ಬಿಟ್ಟು ಬರ್ತೀಯ. ಹಾನುಬಾಳಲ್ಲಿ ಹೊಲಿಗೆ ಹೇಳ್ಕೊಡೋರು ಯಾರೂ ಇಲ್ವಂತಲ್ಲ! ಯಾರವ್ನು ಟೈಲರು?"

ಗಂಡಸರು ಹೋ ಅಂತ ನಕ್ಕರು. ಯಾರೋ ಸಿಳ್ಳೆ ಹಾಕಿದ. ನಯನಕ್ಕ ತಲೆ ತಗ್ಗಿಸಿ ನಿಂತಳು. ಬೇಕಾದರೆ ಆ ಮಾತನ್ನು ಹೊತ್ತುಕೊಂಡೇ ಇರಲು ಅವಳು ತಯಾರಿದ್ದಳು ಅಂತ ನನಗೆ ಈಗ ಅನ್ನಿಸುತ್ತದೆ. ಆದರೆ ಅಜ್ಜಿಗೆ ತಡೆಯಲಾಗಲಿಲ್ಲ.

"ಥೂ ನಿನ್ ಬಾಯಿಗೆ ಮಣ್ಣಾಕ! ನನ್ ಮೊಮ್ಮಗ್ಳು ಆಸ್ಪತ್ರೇಲಿ ಮಾತ್ರೆ ನುಂಗಕ್ ಹೋಗ್ತಾಳೆ ಕಣೋ!"

ಮಾತು ಆಡಿದ ಮೇಲೆ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ದಿನ ಬಿಟ್ಟು ದಿನದ ಮಾತ್ರೆ ಯಾವುದು ಅಂತ ಲೈನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈರಮ್ಮನ ಗಂಡ ಅದೇ ಕಾಯಿಲೆಯಲ್ಲಿ ಹೋಗಿದ್ದ. ನಯನಕ್ಕನ ಪಕ್ಕ ನಿಂತಿದ್ದವರು ಒಂದು ಹೆಜ್ಜೆ ಸರಿದರು. ಬೇಕು ಅಂತ ಸರಿದದ್ದಲ್ಲ, ಕಾಲೇ ಸರಿಯಿತು.

ಸಾಯಂಕಾಲದೊಳಗೆ ನಲ್ಲಿಯ ಹತ್ತಿರ ನಮ್ಮ ಬಿಂದಿಗೆ ಬೇರೆಯಾಯಿತು. ಆಲೂರಿನವರು ಮಾತು ಮುರಿದುಕೊಂಡರು. ನಯನಕ್ಕ ಬಟ್ಟೆ ಗಂಟು ಕಟ್ಟಿಕೊಂಡು ಬೆಳಗೋಡಿನ ಚಿಕ್ಕಮ್ಮನ ಮನೆಗೆ ಹೊರಟಳು. ಮಾತ್ರೆಯನ್ನು ಅಲ್ಲಿನ ಆಸ್ಪತ್ರೆಗೆ ಬರೆಸಿಕೊಂಡಿದ್ದಳು. ಗೇಟು ದಾಟುವಾಗ ಪೀಂ ಅಂದಿತು. ಅವಳು ತಿರುಗಿ, "ಇನ್ನು ಇದ್ರ ಮುಂದೆ ಬರಲ್ಲ ಕಣೋ" ಎಂದಳು.

ಅಜ್ಜಿ ಆಮೇಲೆ ಮಾತು ಕಡಿಮೆ ಮಾಡಿದಳು. ಕೂತಲ್ಲಿ ಕೈ ಒತ್ತಿಕೊಳ್ಳುತ್ತಿದ್ದಳು. ಹಾಕಿದ ಜಾಗದಲ್ಲಿ ಚಿಪ್ಪು ನಿಂತಿರಲಿಲ್ಲ, ಚರ್ಮದೊಳಗೆ ಜರುಗಿ ಚೇಳಿನ ಬಾಲಕ್ಕೆ ಬಂದಿತ್ತು. "ಇದು ಬರ್ತದೇನೋ ಜೊತೇಲಿ?" ಎಂದು ಒಮ್ಮೆ ಕೇಳಿದಳು. "ನಿಮ್ ತಾತ ಅಲ್ಲಿ ಕೈ ಹಿಡ್ಕಂಡು, ಇದ್ಯಾರ ಹಚ್ಚೆಯೇ ಅಂದ್ರೆ ಏನನ್ನಲಿ? ಗೌಡ್ರದು ಅನ್ನಲಾ?"

ಈ ಸಲ ನಾನು ನಗಲಿಲ್ಲ. ಬಂಗಲೆಗೆ ಕರೆದುಕೊಂಡು ಹೋದೆ. ಗೌಡರು ಜಗುಲಿಗೆ ಬಂದರು.

"ಕೃಷ್ಣಪ್ಪ ಮಾಡಿದ್ದು ತಪ್ಪು. ಬೈದಿದೀನಿ ಅವನಿಗೆ" ಎಂದರು. "ಆದ್ರೆ ಪೆಟ್ಟಿಗೆ ಹೇಳಿದ್ದು ಹೊತ್ತು ಮಾತ್ರ ಭೂತಮ್ಮ. ರೋಗದ ವಿಷಯ ಬಾಯಿ ಬಿಟ್ಟೋಳು ನೀನೇ ಅಲ್ವ?"

ಅಜ್ಜಿಗೆ ಹೊಡೆದಂತಾಯಿತು. ನನಗೆ ಅಲ್ಲಿದ್ದ ಹೂವಿನ ಕುಂಡ ಎತ್ತಿ ಒಗೆಯಬೇಕು ಅನ್ನಿಸಿತು. ಅಜ್ಜಿ ನನ್ನ ರಟ್ಟೆ ಹಿಡಿದುಕೊಂಡೇ, "ಹೌದು ಗೌಡ್ರೆ, ನಾನೇ. ಅದ್ಕೇ ಬಂದಿರೋದು. ತೆಗೆಸ್ಬಿಡಿ" ಎಂದಳು.

"ಆಯ್ತು, ನಿಂದು ತೆಗೆಸ್ತೀನಿ. ಒಂದು ಅಕ್ಕಿಕಾಳಿಗೆ ಇಷ್ಟು ಸಂಕಟ ಯಾಕೆ?"

"ಅಕ್ಕಿಕಾಳಾದ್ರೆ ನಿಮ್ ಅನ್ನಕ್ಕೆ ಹಾಕ್ಕಳಿ. ನನ್ನೊಬ್ಳದ್ದು ಅಲ್ಲ, ಎಲ್ಲಾರ್ದೂ."

"ಎಲ್ಲಾರ್ದೂ ಆಗಲ್ಲ. ಎಷ್ಟು ಖರ್ಚು ಮಾಡಿದೀನಿ ಗೊತ್ತೇನು?" ಎಂದು ಗೌಡರು ಒಳಗೆ ಹೋದರು.

ಆ ವರ್ಷ ಕುಯ್ಲಿನ ಮೊದಲ ದಿನ ನಾನು ಮೆಣಸಿನ ಏಣಿ ಬಿಟ್ಟು ನೋಡಲು ಹೋದೆ. ಗಿಡಗಳೆಲ್ಲ ಕೆಂಪಾಗಿದ್ದವು. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಅಜ್ಜಿ ಮೊದಲ ಗಿಡದ ಹತ್ತಿರ ಹೋದಳು. ಹೋಗಿ, ಅದರ ಬುಡದಲ್ಲಿ ಕೂತುಬಿಟ್ಟಳು. ಎರಡೂ ಕೈ ಸೆರಗಿನೊಳಗೆ.

"ಏಳವ್ವ, ಬಿಸ್ಲಾಯ್ತು" ಎಂದ ಕೃಷ್ಣಪ್ಪ.

"ಬಿಸ್ಲಾದ್ರೆ ಕೊಡೆ ಹಿಡ್ಕೊ."

"ಈರಮ್ಮ, ನೀನಾದ್ರೂ ಶುರು ಮಾಡೇ!"

ಈರಮ್ಮ ಅಜ್ಜಿಯನ್ನು ನೋಡಿದಳು, ತನ್ನ ಕೈ ನೋಡಿಕೊಂಡಳು. "ದೊಡ್ಡೋಳ ಕೈ ಬೀಳ್ದೆ ನಾನ್ ಹೆಂಗ್ ಹಾಕ್ಲಣ್ಣ? ನನ್ ಮಕ್ಳು ಮರಿ ಚೆನ್ನಾಗಿರದ್ ಬ್ಯಾಡ್ವ?" ಎಂದು ಅವಳೂ ಕೂತಳು. ಸಾಲಿಗೆ ಸಾಲೇ ಕೂತಿತು.

ಅಂಥ ದಿನ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ. ಘೋಷಣೆ ಇಲ್ಲ, ಬಾವುಟ ಇಲ್ಲ. ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು, ಅಷ್ಟೇ. ಮಾರನೆಯ ದಿನವೂ ಕೂತರು. ಹಣ್ಣು ಮಾಗಿ ನೆಲಕ್ಕೆ ಉದುರತೊಡಗಿತು. ಗೌಡರು ಜೀಪಿನಲ್ಲಿ ಬಂದರು, ಕೂಗಾಡಿದರು, ಹೊರಗಿನಿಂದ ಆಳು ತರಿಸುತ್ತೇನೆ ಅಂದರು. ಕುಯ್ಲಿನ ಹೊತ್ತಿನಲ್ಲಿ ಆಳು ಎಲ್ಲಿ ಸಿಗುತ್ತದೆ? ಕೊನೆಗೆ ಅಜ್ಜಿಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, "ತೆಗೆಸ್ತೀನಿ. ಎಲ್ಲಾರ್ದೂ" ಎಂದರು. ಆಗ ಅವರ ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು. ಇದ್ದದ್ದನ್ನು ಇತ್ತು ಅನ್ನಬೇಕು.

ಅಜ್ಜಿ ಎದ್ದು ಮೊದಲ ಗಿಡಕ್ಕೆ ಕೈ ಹಾಕಿದಳು.

ಈ ಸಲ ಸಕಲೇಶಪುರದಿಂದ ಮನುಷ್ಯರ ಡಾಕ್ಟರೇ ವಾರಕ್ಕೊಮ್ಮೆ ಬಂದರು. ಕೈಗೆ ಹೊಲಿಗೆ ಬಿದ್ದವರು ಕುಯ್ಯುವಂತಿಲ್ಲ, ಅದಕ್ಕೆ ಪ್ರತಿ ಸಲ ನಾಲ್ಕೈದು ಜನರದ್ದು ಮಾತ್ರ. ಅಜ್ಜಿಯ ಸರದಿ ಬಂದಾಗಲೆಲ್ಲ ಅವಳು ಬೇರೆಯವರನ್ನು ಮುಂದೆ ತಳ್ಳುತ್ತಿದ್ದಳು.

"ನಿಂದು ತೆಗೆಸ್ಕ ಅಜ್ಜಿ" ಎಂದು ನಾನು ರೇಗಿದೆ.

"ಮೊದ್ಲು ಚಾಚ್ದೋಳು ನಾನು. ನನ್ ನೋಡಿ ಚಾಚ್ದೋರ್ದೆಲ್ಲ ಆಗ್ಲಿ. ನಯನಾ ಬರ್ಲಿ, ಅವ್ಳ್ದು ಆದ್ ಮೇಲೆ ನಂದು."

ನಾನು ಬೆಳಗೋಡಿಗೆ ಹೋಗಿ ನಯನಕ್ಕನಿಗೆ ಹೇಳಿದೆ. ಕೆಮ್ಮು ನಿಂತಿತ್ತು, ಕೆನ್ನೆ ತುಂಬಿಕೊಂಡಿತ್ತು. "ಆ ಗೇಟೊಳಗೆ ನಾನ್ ಬರಲ್ಲ. ಅಜ್ಜಿಗೆ ಹೇಳು, ನನ್ನ ಕಾಯ್ಬೇಡ ಅಂತ" ಎಂದಳು. ಹೇಳಿದೆ. "ಬರ್ತಾಳೆ ಬಿಡು" ಎಂದಳು ಅಜ್ಜಿ. ಇಬ್ಬರದೂ ಒಂದೇ ಹಟ. ಯಾರನ್ನು ಬೈಯಲಿ?

ಕುಯ್ಲು ಮುಗಿಯುವ ಹೊತ್ತಿಗೆ ಅಜ್ಜಿಗೆ ಜ್ವರ ಬಂತು. ಹಾಸಿಗೆ ಹಿಡಿದವಳು ಏಳಲಿಲ್ಲ. ಒಂದು ಬೆಳಿಗ್ಗೆ ಗಂಜಿ ಕುಡಿಸಲು ಹೋದರೆ ಕೈ ತಣ್ಣಗಿತ್ತು.

ಡಾಕ್ಟರು ಬಂದಿದ್ದ ದಿನವೇ ಅದು. ಓಡಿಹೋಗಿ ಕರೆತಂದೆ. ಆದರೆ ಅಜ್ಜಿಯ ತಮ್ಮ ಲಕ್ಕಯ್ಯ ಬಾಗಿಲಿಗೆ ಅಡ್ಡ ನಿಂತ. "ಹೆಣಕ್ಕೆ ಕಬ್ಬಿಣ ತಾಗಿಸ್ಬಾರ್ದು ಕಣಪ್ಪ. ಆಗ್ಬಾರ್ದು" ಎಂದು ಅಳತೊಡಗಿದ. ನಾನು ಕೂಗಾಡಿದೆ. ಡಾಕ್ಟರು ಅಂಗಳದಿಂದಲೇ ಬಂಗಲೆಗೆ ವಾಪಸು ಹೋದರು.

ನಮ್ಮ ಮಸಣ ಗೇಟಿನಾಚೆ, ಹಳ್ಳದ ಪಕ್ಕ. ನಯನಕ್ಕ ಬಂದಿದ್ದಳು, ಒಳಗೆ ಬಂದಿರಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು ಕಾಯುತ್ತಿದ್ದಳು. ಚಟ್ಟ ಗೇಟಿನ ಹತ್ತಿರ ಬರುತ್ತಿದ್ದಂತೆ ಕೃಷ್ಣಪ್ಪ ಓಡಿಬಂದು ತನ್ನ ಹೆಗಲ ಟವೆಲ್ಲನ್ನು ಪೆಟ್ಟಿಗೆಯ ಮೇಲೆ ಎಸೆದು, ಎರಡೂ ಕೈಯಲ್ಲಿ ಅವುಚಿ ಹಿಡಿದುಕೊಂಡ. ಟವೆಲ್ಲಿಗೆ ಏನು ತಡೆಯಲು ಬರುತ್ತದೆ? ಪೀಂ ಅಂದಿತು.

ನಯನಕ್ಕ ಅಲ್ಲೇ ಕುಸಿದಳು. "ನಾನ್ ಬಂದಿದ್ರೆ ಅಜ್ಜಿ ತೆಗೆಸ್ಕಂತಿದ್ಲಲ್ಲೋ" ಎಂದು ಮಣ್ಣಿನಲ್ಲಿ ಹೊರಳಿದಳು. ನಾನು ಅವಳನ್ನು ಎಬ್ಬಿಸಿ, ಮಸಣದ ಕಡೆ ನಡೆಸಿಕೊಂಡು ಹೋದೆ.

ಮಣ್ಣು ಹಾಕಿ ಮುಗಿದ ಮೇಲೆ ಗೌಡರು ಹತ್ತಿರ ಬಂದರು. ಅವರ ಕಣ್ಣೂ ಕೆಂಪಾಗಿತ್ತು. "ನಯನಾ, ಡಾಕ್ಟ್ರು ಇನ್ನೂ ಇದಾರೆ. ನಿಂದೊಂದೇ ಉಳಿದಿರೋದು. ಬಾರಮ್ಮ, ತೆಗೆಸ್ಬಿಡ್ತೀನಿ."

ನಯನಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಅಜ್ಜಿ ಗಿಡದ ಬುಡದಲ್ಲಿ ಕೂತಾಗ ಎಳೆದುಕೊಂಡ ಹಾಗೆಯೇ. "ಹಾಕ್ಸಕ್ಕೂ ನೀವೇ ಕರೆದ್ರಿ, ತೆಗ್ಸಕ್ಕೂ ನೀವೇ ಕರೀತೀರ. ನಿಮ್ ಮೇಜಿನ ಮೇಲೆ ಇನ್ನೊಂದ್ಸಲ ಕೈ ಚಾಚಲ್ಲ ಗೌಡ್ರೆ" ಎಂದಳು.

ಅಲ್ಲಿಂದ ನಾವಿಬ್ಬರೂ ಹಾನುಬಾಳಿಗೆ ನಡೆದೆವು. ಹಿಂದೆ ಅವಳು ಕದ್ದು ಹೋಗುತ್ತಿದ್ದ ಆಸ್ಪತ್ರೆಗೆ ಹಗಲಿನಲ್ಲಿ, ಜನರ ನಡುವೆ ಹಾದು ಹೋದಳು. ನರ್ಸಮ್ಮ ಅವಳ ಕೈ ಒತ್ತಿ ನೋಡಿ, ಇದು ಇಲ್ಲಿ ಆಗುವುದಿಲ್ಲ, ಸಕಲೇಶಪುರದ ದೊಡ್ಡಾಸ್ಪತ್ರೆಗೆ ಹೋಗಬೇಕು, ಇವತ್ತು ಹೊತ್ತಾಯಿತು ಅಂದರು.

"ನಾಳೆ ಹೋಗಾನ" ಎಂದಳು ನಯನಕ್ಕ.

ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತೆವು. ಅವಳು ರವಿಕೆಯ ತೋಳು ಸರಿಸಿ ಹೆಬ್ಬೆಟ್ಟಿನಿಂದ ಒತ್ತಿದಳು. ಚರ್ಮದ ಕೆಳಗೆ ಅದು ಈಚೆ ಜಾರಿತು, ಮತ್ತೆ ಒತ್ತಿದರೆ ಆಚೆ ಜಾರಿತು. ಅಜ್ಜಿಯ ಹಾಗೆ ಜೊತೆಗೆ ಬರುವ ಹಚ್ಚೆ ಅವಳ ಕೈ ಮೇಲೆ ಇರಲಿಲ್ಲ. ನಮ್ಮ ಕಾಲದವರು ಯಾರೂ ಚುಚ್ಚಿಸಿಕೊಂಡಿರಲಿಲ್ಲ, ನಾವು ಅದಕ್ಕೆ ನಗುತ್ತಿದ್ದೆವು.