ಮೀಸಲು ನೋಟು

ಚಿತ್ತಪ್ಪ ಜೈಲಿಗೆ ಹೋದದ್ದು ತೊಂಬತ್ತೆಂಟರಲ್ಲಿ, ಖೋಟಾ ನೋಟಿನ ಕೇಸಿನಲ್ಲಿ. ಚಳ್ಳಕೆರೆ ಸಂತೆಯಲ್ಲಿ ಟಗರುಗಳನ್ನು ಮಾರಿ ನನ್ನಿವಾಳದ ಹಟ್ಟಿಗೆ ಬಂದವನು, ಹಿರಿಯರ ಪದ್ಧತಿಯಂತೆ ಮೊದಲ ಐನೂರರ ನೋಟಿಗೆ ಅರಿಶಿನ ಹಚ್ಚಿ ಗುಡಿಯ ದೇವರ ಬುಟ್ಟಿಯಲ್ಲಿ ಮೀಸಲು ಇಟ್ಟ. ಮರುದಿನ ಉಳಿದ ನೋಟುಗಳನ್ನು ಗೊಬ್ಬರದಂಗಡಿಗೆ ಕೊಟ್ಟು ಸಿಕ್ಕಿಬಿದ್ದ. ಪೊಲೀಸರು ಬುಟ್ಟಿಯ ನೋಟನ್ನೂ ತೆಗೆದು, ‘ಬಚ್ಚಿಟ್ಟಿದ್ದ’ ಎಂದು ಬರೆದುಕೊಂಡರು. ಟಗರು ಕೊಂಡವನು ಮೊಳಕಾಲ್ಮೂರಿನವನೆಂದು ಹೇಳಿಕೊಂಡಿದ್ದ; ಹುಡುಕಿದರೆ ಅಲ್ಲಿ ಅಂಥವನೇ ಇಲ್ಲ!

ಕೋರ್ಟಿನಲ್ಲಿ ಚಿತ್ತಪ್ಪ ತುಟಿ ಬಿಚ್ಚಲಿಲ್ಲ. ದೇವರಿಗೇ ಖೋಟಾ ಕೊಟ್ಟೆನೆಂದು ನಾಲ್ಕು ಜನರ ಮುಂದೆ ಹೇಗೆ ಹೇಳುವುದು ಎಂಬ ಸಂಕಟ ಅವನಿಗೆ. ಐದು ವರ್ಷ ಶಿಕ್ಷೆಯಾಯಿತು. ಹಟ್ಟಿಯ ಪೂಜಾರಿ ದೊಡ್ಡಪಾಲಯ್ಯ, “ದೇವ್ರಿಗೇ ಟೋಪಿ ಹಾಕಿದೋನ ಮನೆಯೋರು ಗುಡಿ ಕಡೆ ಬರಬ್ಯಾಡ್ರಿ” ಎಂದುಬಿಟ್ಟ. ಹೆಂಡತಿ ಬೋರಕ್ಕನಿಗೆ ಶಿಕ್ಷೆಗಿಂತ ಆ ಮಾತೇ ಹೆಚ್ಚು ಉರಿಯಿತು. ಗಂಡನನ್ನು ಅದೇ ಗುಡಿಯ ಮುಂದೆ ತಲೆಯೆತ್ತಿ ನಿಲ್ಲಿಸದಿದ್ದರೆ ತಾನು ಬೋರಕ್ಕನೇ ಅಲ್ಲ ಎಂದುಕೊಂಡಳು. ಎಂಥ ಗಟ್ಟಿಗಿತ್ತಿ ಅಂತೀರಿ!

ನೇರವಾಗಿ ಚಳ್ಳಕೆರೆಯ ವಕೀಲ ಓಂಕಾರಮೂರ್ತಿಯ ಬಳಿ ಹೋದಳು.

“ಅಪೀಲು ಹಾಕ್ರಿ ಸಾಮಿ. ಅದು ಬಚ್ಚಿಟ್ಟಿದ್ದಲ್ಲ, ದೇವರ ಮೀಸಲು.”

“ಇದನ್ನ ಆಗ್ಲೇ ಯಾಕಮ್ಮ ಹೇಳ್ಲಿಲ್ಲ?”

“ನನ್ ಗಂಡ ಆಣೆ ಹಾಕ್ಸಿದ್ದ. ಆಣೆ ಮುರಿದ ಪಾಪ ನಂಗೇ ಬರ್ಲಿ, ಹೋಗ್ರಿ ಅತ್ಲಾಗೆ!”

ಬೆಂಗಳೂರಿನ ಹೈಕೋರ್ಟಿನಲ್ಲಿ ಓಂಕಾರಮೂರ್ತಿ ಕೇಳಿದ್ದು ಒಂದೇ ಮಾತು. ಖೋಟಾ ಎಂದು ಗೊತ್ತಿದ್ದವನು ಅದಕ್ಕೆ ಅರಿಶಿನ ಹಚ್ಚಿ ತನ್ನ ದೇವರಿಗೇ ಕೊಡುತ್ತಾನೆಯೇ? ಪೊಲೀಸರೇ ಸಾಕ್ಷಿಯಾಗಿ ತಂದಿಟ್ಟಿದ್ದ ಬುಟ್ಟಿಯ ನೋಟನ್ನು ನ್ಯಾಯಾಧೀಶರು ಬೆಳಕಿಗೆ ಹಿಡಿದು ನೋಡಿದರು. ಅರಿಶಿನ ಇನ್ನೂ ಹಾಗೇ ಇತ್ತು. ಹಿಂದಿನ ಬೆಂಚಿನಿಂದ ಬೋರಕ್ಕ ಕತ್ತು ಚಾಚಿ ನೋಡುತ್ತಿದ್ದಳು. ಗೊತ್ತಿದ್ದೂ ಮಾಡಿದನೆಂಬುದಕ್ಕೆ ಆಧಾರವಿಲ್ಲವೆಂದು ಶಿಕ್ಷೆ ರದ್ದಾಯಿತು. ಅವಳು ಹೊರಗೆ ಬಂದು ಗೋಳೋ ಎಂದು ಅತ್ತಳು, ಅಳುತ್ತಲೇ ನಕ್ಕಳು.

ಚಿತ್ತಪ್ಪ ಬಸ್ಸಿಳಿದು ಹಟ್ಟಿಗೆ ಬಂದಾಗ ದೊಡ್ಡಪಾಲಯ್ಯನೇ ಎದುರು ಬಂದ.

“ತಪ್ಪಾತು ಕಣಪ್ಪ. ಬಾ, ಮೀಸಲು ಇಡು.”

ಚಿತ್ತಪ್ಪ ಅಳುಕುತ್ತಲೇ ಜೇಬಿಗೆ ಕೈ ಹಾಕಿದ. ಬೋರಕ್ಕ ಆ ಕೈಯನ್ನು ಅಲ್ಲೇ ತಡೆದಳು. ಹಿಂಡಿನಿಂದ ಒಂದು ಕುರಿಮರಿ ಎತ್ತಿ ತಂದು, ಹಣೆಗೆ ಅರಿಶಿನ ಬಳಿದು, ಗಂಡನ ಕೈಯಿಂದಲೇ ಪೂಜಾರಿಯ ತೋಳಿಗೆ ಕೊಡಿಸಿದಳು.

“ಬೆಳಕಿಗೆ ಹಿಡ್ದು ನೋಡ್ಕಳ್ರಿ ಪೂಜಾರಪ್ಪೋರೇ, ಅಸಲೀನೋ ಖೋಟಾನೋ!”

ಮರಿ ಬ್ಯಾ ಎಂದು ಒದರಿತು. ಹಟ್ಟಿಗೆ ಹಟ್ಟಿಯೇ ಬಿದ್ದು ಬಿದ್ದು ನಕ್ಕಿತು. ಜೈಲಿಗೆ ಹೋದಾಗಿನಿಂದ ನಗುವನ್ನೇ ಮರೆತಿದ್ದ ಚಿತ್ತಪ್ಪನೂ.